ಗಾಜಿನಲ್ಲಿ ನಡುಗಿದ ಗೆರೆ

ಬೆಳಿಗ್ಗೆ ಎಂಟೂವರೆಗೆ ಔಷಧಿ ಅಂಗಡಿಯ ಮುಂದೆ ಆರಡಿ ಉದ್ದ, ನಾಲ್ಕಡಿ ಎತ್ತರದ ಗಾಜಿನ ಶೀಟೊಂದು ಒಡೆಯಿತು. ಯಾರಿಗೂ ಗಾಯವಾಗಲಿಲ್ಲ.

ಆ ಅಂಗಡಿಯ ಮುಂಭಾಗಕ್ಕೆ ಕೂರಿಸಲು ಅದನ್ನು ಹಿಡಿದು ತರುತ್ತಿದ್ದವರು ಗಂಡ ಹೆಂಡತಿ. ಅದೇ ಬೀದಿಯ ತುದಿಯಲ್ಲಿ ಅವರ ಗಾಜಿನ ಅಂಗಡಿ ಇದೆ. ಅಂಗಡಿ ಅವಳ ತಂದೆ ಹಾಕಿದ್ದು, ಗಾಜು ಕೊಯ್ಯುವುದನ್ನು ಅವಳು ಕಲಿತದ್ದೂ ಅವರಿಂದಲೇ. ಗಂಡ ಅಲ್ಲಿಗೆ ಕೆಲಸಕ್ಕೆ ಬಂದು, ಕೆಲಸ ಕಲಿತು, ಆಮೇಲೆ ಅಳಿಯನಾದವನು. ಬೀದಿಯ ಜನ ಅವಳನ್ನು ಗಾಜಕ್ಕ ಎಂದು ಕರೆಯುತ್ತಾರೆ.

ದೊಡ್ಡ ಶೀಟನ್ನು ಇಬ್ಬರು ಹಿಡಿಯುವುದಕ್ಕೆ ಒಂದು ಕ್ರಮವಿದೆ. ಉದ್ದದ ಅಂಚು ಕೆಳಗೆ ಬರುವಂತೆ ಶೀಟನ್ನು ನಿಲ್ಲಿಸಿಕೊಂಡು ಒಬ್ಬರು ಮುಂದೆ, ಒಬ್ಬರು ಹಿಂದೆ ನಡೆಯಬೇಕು. ಮುಂದಿನವರಿಗೆ ದಾರಿ ಕಾಣುತ್ತದೆ, ಗಾಜು ಕಾಣುವುದಿಲ್ಲ. ಹಿಂದಿನವರಿಗೆ ಗಾಜು, ಅದರಾಚೆ ಮುಂದಿನವರ ಬೆನ್ನು ಎರಡೂ ಕಾಣುತ್ತವೆ. ಆದ್ದರಿಂದ 'ಇಳಿಸು' ಎಂದು ಹೇಳುವುದು ಹಿಂದಿನವರ ಕೆಲಸ. ಹಾಗೆ ಹೇಳಿದರೆ ಮುಂದಿನವರು ಯಾಕೆ ಎಂದು ಕೇಳದೆ ಇಳಿಸಬೇಕು. ಕೇಳುತ್ತ ನಿಂತರೆ ಗಾಜು ಕಾಯುವುದಿಲ್ಲ.

ಗಾಜು ಅಲುಗುತ್ತಿದೆಯೇ ಎಂದು ತಿಳಿಯಲು ಹಿಂದಿನವರು ಗಾಜನ್ನು ನೋಡುವುದಿಲ್ಲ. ಅದರಲ್ಲಿ ಪ್ರತಿಬಿಂಬವಾಗಿ ಮೂಡಿದ ಯಾವುದಾದರೂ ನೇರ ಗೆರೆಯನ್ನು ನೋಡುತ್ತಾರೆ. ಎದುರು ಕಟ್ಟಡದ ಚಾವಣಿಯ ಅಂಚು ಆಗಬಹುದು, ವಿದ್ಯುತ್ ತಂತಿ ಆಗಬಹುದು. ಗೆರೆ ನಡುಗಿದರೆ ಹಿಡಿದ ಕೈ ಸೋತಿದೆ ಎಂದರ್ಥ.

ಅಂದು ಬೆಳಿಗ್ಗೆ ಹಿಂದೆ ಇದ್ದವನು ಗಂಡ. ಎದುರು ಚಾವಣಿಯ ಗೆರೆ ಗಾಜಿನಲ್ಲಿ ನಡುಗಿದ್ದು ಅವನಿಗೆ ಕಂಡಿತು. ಹೆಂಡತಿಗೆ ಸೊಂಟದ ಹಳೆಯ ನೋವು ಬಂತು ಎಂದುಕೊಂಡು "ಇಳಿಸು" ಎಂದ. ತನ್ನ ತುದಿಯನ್ನು ಇಳಿಸಿಯೂ ಬಿಟ್ಟ. ಆ ಹೊತ್ತಿಗೆ ಅವಳು ಫುಟ್‌ಪಾತಿನ ಮೇಲೆ ಕಾಲಿಟ್ಟಾಗಿತ್ತು, ಅವನು ಇನ್ನೂ ರಸ್ತೆಯಲ್ಲಿದ್ದ. ಇಬ್ಬರ ನಡುವೆ ಅಂಚುಕಲ್ಲು ಇತ್ತು. ಶೀಟಿನ ಕೆಳ ಅಂಚು ಆ ಕಲ್ಲಿನ ಮೂಲೆಯ ಮೇಲೆ ಕೂತಿತು. ಒಂದು ಬಿರುಕು ಮೇಲಿನವರೆಗೆ ಓಡಿತು, ಇನ್ನೊಂದು ಅಡ್ಡ ಹೋಯಿತು.

ಔಷಧಿ ಅಂಗಡಿಯ ಯಜಮಾನ ಪೊರಕೆ ಹಿಡಿದು ಹೊರಗೆ ಬಂದ. ಗಾಜಿನ ಚೂರಿಗಿಂತ ಮೊದಲು ಅವನು ನೋಡಿದ್ದು ಗಾಜಕ್ಕನನ್ನು. ವರ್ಷಗಳಿಂದ ಅವಳಿಗೆ ನೋವಿನ ಮಾತ್ರೆ, ಮುಲಾಮು ಕೊಡುತ್ತ ಬಂದವನು ಅವನೇ. ಒಳಗಿನಿಂದ ಕುರ್ಚಿ ತರಿಸಿ ಅವಳನ್ನು ಕೂರಿಸಿದ. ಪಾಪ, ಅವಳೇನು ಬೇಕೆಂದು ಮಾಡಿದಳೇ ಎಂದು ನೆರೆದವರಿಗೆ ಸಮಜಾಯಿಷಿ ಕೊಟ್ಟ. ಗಂಡ ಅಲ್ಲೇ ನಿಂತು, ಶನಿವಾರದೊಳಗೆ ಹೊಸ ಶೀಟು ಕೊಯ್ದು ತರುವುದಾಗಿಯೂ, ಇನ್ನು ಮೇಲೆ ಇನ್ನೊಂದು ತುದಿ ಹಿಡಿಯಲು ಅವಳ ತಮ್ಮನನ್ನು ಕರೆದುಕೊಳ್ಳುವುದಾಗಿಯೂ ಹೇಳಿದ. ಹೆಂಡತಿಯ ತಲೆಯ ಮೇಲಿಂದ ಹೇಳಿದ, ಅವಳು ಅಲ್ಲೇ ಕುರ್ಚಿಯಲ್ಲಿ ಕೂತಿದ್ದಳು.

ಅವಳಿಗೆ ಆಗ ನೋವು ಇರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಹಾಗಂತ ಹೇಳಲಿಲ್ಲ.

ಹೇಳದಿರುವುದಕ್ಕೆ ಕಾರಣ ಆರು ವರ್ಷ ಹಿಂದಿನದು. ಒಂದು ಶಾಲೆಯ ಕಿಟಕಿಗೆ ಗಾಜು ಕೂರಿಸುವಾಗ, ಆಗತಾನೇ ಒರೆಸಿದ್ದ ನೆಲದ ಮೇಲೆ ಏಣಿ ಜಾರಿ ಅವಳು ಬಿದ್ದಳು. ಎಡ ಸೊಂಟದ ಮೂಳೆ ಬಿರುಕು ಬಿಟ್ಟಿತು. ಮೂಳೆ ಕೂಡಿಕೊಂಡಿತು, ನೋವು ಹೋಗಲಿಲ್ಲ. ಸೊಂಟದಲ್ಲಿ ಹುಟ್ಟಿ ತೊಡೆಯ ಹಿಂಬದಿಯಿಂದ ಹಿಮ್ಮಡಿಗೆ ಇಳಿಯುವ ನೋವು. ಕೆಲವು ದಿನ ಇದೆಯೋ ಇಲ್ಲವೋ ಎನ್ನುವಂತಿರುತ್ತದೆ, ಕೆಲವು ದಿನ ಚಪ್ಪಲಿ ಹಾಕಿಕೊಳ್ಳಲೂ ಬಿಡುವುದಿಲ್ಲ. ಎಕ್ಸ್‌ರೇ ತೆಗೆಸಿದರು, ಆಮೇಲೆ ದೊಡ್ಡ ಸ್ಕ್ಯಾನಿಂಗ್ ಮಾಡಿಸಿದರು. ಏನೂ ಇಲ್ಲ ಎಂದು ಬಂತು. ಒಳ್ಳೆಯ ಸುದ್ದಿ ಹೇಳುವವರ ಹಾಗೆ ಆಸ್ಪತ್ರೆಯವರು ಅದನ್ನು ಹೇಳಿದರು.

ಅಲ್ಲಿಂದ ನೆಂಟರಿಷ್ಟರ ಬಾಯಿಗೆ ಬೀಗ ಇಲ್ಲದಂತಾಯಿತು. ಅತ್ತೆ ಫೋನಿನಲ್ಲಿ ತಮ್ಮ ಕಾಲದ ಹೆಂಗಸರ ಗಟ್ಟಿತನದ ಕಥೆ ಹೇಳಿದರು. ಸ್ವಂತ ತಮ್ಮನೇ ಒಂದು ದಿನ ಬಂದು ಕೂತು, ಅಕ್ಕ, ಎಲ್ಲಾ ಮನಸ್ಸಲ್ಲಿರೋದು, ಮನಸ್ಸು ಗಟ್ಟಿ ಮಾಡ್ಕೊ ಎಂದ. ಅವನಿಗೆ ಕೆಟ್ಟ ಬುದ್ಧಿ ಏನೂ ಇರಲಿಲ್ಲ. ಪೀಠೋಪಕರಣದ ಅಂಗಡಿಯ ವ್ಯಾನು ಓಡಿಸುವ ಅವನು ಬೀರುಗಳನ್ನೇ ಬೆನ್ನ ಮೇಲೆ ಹೊರುವವನು, ಕಾಣದ ಭಾರ ಅವನ ಲೆಕ್ಕಕ್ಕೆ ಸಿಗುತ್ತಿರಲಿಲ್ಲ.

ಗಂಡ ಮಾತ್ರ ಒಂದು ದಿನವೂ ಸಂಶಯಪಡಲಿಲ್ಲ. ಅಂಗಡಿಯ ಕೊಯ್ಯುವ ಮೇಜಿಗೆ ನಾಲ್ಕು ಮರದ ತುಂಡು ಕೊಟ್ಟು ಅವಳು ಬಗ್ಗದೆ ನಿಲ್ಲುವ ಎತ್ತರಕ್ಕೆ ತಂದ. ಮನೆಯಲ್ಲಿ ನೆಲಕ್ಕೆ ಬಗ್ಗುವ ಕೆಲಸಗಳನ್ನೆಲ್ಲ ತನ್ನದು ಮಾಡಿಕೊಂಡ. ಚಳಿಯ ದಿನಗಳಲ್ಲಿ ಅವಳ ಕಾಲುಚೀಲ ಹಾಕುವುದೂ ಅವನೇ. ಹೊರಗೆ ಎಲ್ಲಿ ಹೋದರೂ ಒಂದು ದಿಂಬು ಕಂಕುಳಲ್ಲಿ ಇರುತ್ತಿತ್ತು. ಬ್ಯಾಂಕು, ಚಿತ್ರಮಂದಿರ, ನೆಂಟರ ಮನೆ ಎಲ್ಲೇ ಆಗಲಿ, ಮೊದಲು ದಿಂಬು ಕೂರುತ್ತಿತ್ತು, ಆಮೇಲೆ ಅವಳು. ಭಾವಮೈದುನ ಅವನಿಗೆ ದಿಂಬು ಭಾವ ಎಂದು ಹೆಸರಿಟ್ಟ. ಸ್ವಲ್ಪ ದಿನಕ್ಕೆ ಆ ಹೆಸರು ಬೀದಿಗೆಲ್ಲ ಹರಡಿತು. ಅವನು ಬೇಸರಪಡಲಿಲ್ಲ. ಕರೆದರೆ ಓಗೊಡುತ್ತಿದ್ದ.

ಇಂಥ ಗಂಡನಿಗೆ 'ಸ್ವಲ್ಪ ಕಡಿಮೆ ಮಾಡಿ' ಎಂದು ಹೇಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಊರಿಗೆಲ್ಲ ನೀರಿಲ್ಲದಾಗ ತನ್ನ ಮನೆಗೆ ಮಾತ್ರ ಬಂದ ನೀರನ್ನು ಹೆಚ್ಚಾಯಿತು ಎಂದು ಯಾರಾದರೂ ದೂರುತ್ತಾರೆಯೇ? ಹಾಗಾಗಿ ಒಂದೊಂದೇ ಕೆಲಸ ಅವಳ ಕೈಯಿಂದ ಹೋಯಿತು. ಮೊದಲು ಏಣಿ ಹತ್ತುವುದು ಹೋಯಿತು. ಆಮೇಲೆ ಗೋಡೆ ಕೊರೆಯುವುದು. ಆಮೇಲೆ ಮನೆಮನೆಗೆ ಹೋಗಿ ಅಳತೆ ತೆಗೆದುಕೊಂಡು ಬರುವುದು. ಪ್ರತಿಯೊಂದಕ್ಕೂ ಒಳ್ಳೆಯ ಕಾರಣ ಇತ್ತು, ಪ್ರತಿಯೊಂದೂ ಅವಳ ಒಳ್ಳೆಯದಕ್ಕೇ ಹೋಯಿತು. ಹೋದದ್ದು ಯಾವುದೂ ತಿರುಗಿ ಬರಲಿಲ್ಲ. ಅಂಗಡಿಯ ಹೊರಗೆ ಅವಳಿಗೆ ಉಳಿದಿದ್ದ ಕೆಲಸ ಒಂದೇ, ಶೀಟಿನ ಮುಂದಿನ ತುದಿ ಹಿಡಿದು ಹೋಗಿ ಗಾಜು ಕೂರಿಸುವುದು. ಅವಳಿಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸವೂ ಅದೇ. ಹಳೆಯ ಮಸಕು ಗಾಜು ತೆಗೆದು ಹೊಸದು ಕೂರಿಸಿದ ಕೂಡಲೇ ಕೋಣೆಯ ಬೆಳಕು ಬದಲಾಗುತ್ತದೆ, ಮನೆಯವರು ಮಾತು ನಿಲ್ಲಿಸಿ ಒಂದು ಗಳಿಗೆ ತಮ್ಮದೇ ಬೀದಿಯನ್ನು ನೋಡುತ್ತಾರೆ. ಆ ಗಳಿಗೆಗೆ ಅವಳು ಅಲ್ಲಿರಬೇಕು. ಈಗ ಶನಿವಾರದಿಂದ ಅದೂ ಹೋಗುವುದರಲ್ಲಿತ್ತು.

ಹೋದ ವರ್ಷ ಅವರು ನೋವಿನ ಚಿಕಿತ್ಸೆಯ ವೈದ್ಯೆಯೊಬ್ಬರ ಹತ್ತಿರ ಹೋಗಿದ್ದರು. ನಿದ್ದೆ ಹೇಗಿದೆ ಎಂದು ವೈದ್ಯೆ ಕೇಳಿದರೆ ಗಂಡ ಉತ್ತರ ಹೇಳಿದ. ಎಷ್ಟು ದೂರ ನಡೆಯುತ್ತೀರಿ ಎಂದರೆ ಅದಕ್ಕೂ ಅವನೇ ಹೇಳಿದ. ಮೂರನೆಯ ಪ್ರಶ್ನೆಗೂ ಅವನು ಬಾಯಿ ತೆರೆದಾಗ ವೈದ್ಯೆ ಪೆನ್ನು ಕೆಳಗಿಟ್ಟರು.

"ನೋವು ಇವರಿಗೋ, ನಿಮಗೋ?"

ಹೆಂಡತಿ ನಕ್ಕಳು. ಗಂಡ ಸ್ವಲ್ಪ ತಡವಾಗಿ ನಕ್ಕ. ವೈದ್ಯೆ ಇಬ್ಬರಿಗೂ ಬಿಡಿಸಿ ಹೇಳಿದರು. ಗಾಯ ವಾಸಿಯಾಗಿದೆ. ನರಗಳು ಮಾತ್ರ ನೋವಿನ ಸುದ್ದಿ ಕಳಿಸುವುದನ್ನು ಅಭ್ಯಾಸ ಮಾಡಿಕೊಂಡುಬಿಟ್ಟಿವೆ, ಇನ್ನೂ ಬಿಟ್ಟಿಲ್ಲ. ನೋವು ನಿಜವೇ, ಆದರೆ ನೋವು ಬಂದಾಗಲೆಲ್ಲ ಒಳಗೆ ಏನೋ ಮುರಿಯುತ್ತಿದೆ ಎಂದಲ್ಲ. ಕೆಲಸ ಬಿಡಬೇಕಾಗಿಲ್ಲ, ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋಗಬಹುದು, ಭಾರವನ್ನೂ ಹಿಡಿಯಬಹುದು. ಗಂಡನ ಕಡೆ ತಿರುಗಿ, ನೋವಿದೆಯೇ ಎಂದು ಕೇಳಬೇಡಿ, ಇದ್ದರೆ ಅವರೇ ಹೇಳುತ್ತಾರೆ ಎಂದರು.

ಅವನು ಆ ಮಾತನ್ನು ಅಕ್ಷರಶಃ ಪಾಲಿಸಿದ. ಬಾಯಿಂದ ಕೇಳುವುದನ್ನು ಅಂದೇ ಬಿಟ್ಟ. ಆದರೆ ಅವಳು ಕುರ್ಚಿಯಿಂದ ಏಳುವಾಗ, ಬಾಗಿಲು ದಾಟುವಾಗ, ಲೋಟ ಇಡುವಾಗ ಅವನ ಕಣ್ಣು ಅವಳ ಸೊಂಟದ ಮೇಲೇ ಇರುತ್ತಿತ್ತು. ಅವನು ನೋಡಿದ ಕೂಡಲೇ ಅವಳೂ ಒಳಗೊಳಗೇ ತನ್ನ ಸೊಂಟವನ್ನು ತಡವಿ ನೋಡುತ್ತಿದ್ದಳು. ನೋವಿದೆಯೇ ಎಂದು ಹುಡುಕಿದರೆ ಎಲ್ಲಾದರೂ ಒಂದಿಷ್ಟು ಸಿಕ್ಕೇ ಸಿಗುತ್ತಿತ್ತು.

ಗಾಜು ಒಡೆದ ದಿನ ಸಂಜೆ ಅವಳಿಗೆ ನಿಜವಾಗಿಯೇ ನೋವು ಬಂತು. ಅಂಗಡಿಯ ಹಿಂಭಾಗದ ಬೆಂಚಿನ ಮೇಲೆ ಮಗ್ಗುಲಾಗಿದ್ದಳು. ಅದೇ ಹೊತ್ತಿಗೆ ಅವಳ ತಮ್ಮ ವ್ಯಾನು ನಿಲ್ಲಿಸಿ ಒಳಗೆ ಬಂದ. ಅವನಿಗೆ ವಿಷಯ ಆಗಲೇ ಗೊತ್ತಿತ್ತು. ಭಾವನ ಜೊತೆ ಶೀಟು ಹಿಡಿಯಲು ಸಂತೋಷವಾಗಿ ಒಪ್ಪಿದ. ಬೀರು ಹೊರುವವನಿಗೆ ಕಿಟಕಿ ಗಾಜು ಯಾವ ಲೆಕ್ಕ, ಬೇಕಾದರೆ ಗಾಜಿನ ಜೊತೆ ಭಾವನನ್ನೂ ಅವನ ದಿಂಬನ್ನೂ ಎತ್ತಿಕೊಂಡು ಹೋಗುತ್ತೇನೆ ಎಂದ.

ಅವಳು ಮಲಗಿದಲ್ಲಿಂದಲೇ, ಶನಿವಾರ ನಾನೇ ಹಿಡಿಯುತ್ತೇನೆ ಎಂದಳು.

ಗಂಡ ಬಂದು ಬೆಂಚಿನ ತುದಿಯಲ್ಲಿ ಕೂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೋಡೇ, ಒಡೆದದ್ದಕ್ಕೆ ನಂಗೆ ಬೇಜಾರಿಲ್ಲ. ಬೆಳಿಗ್ಗೆ ನಿನ್ನ ಕೈ ನಡುಗ್ತಿತ್ತು. ಈಗ ನೋಡು, ಮಲಗಿದ್ದೀಯ. ಇನ್ನೊಂದು ಸಲ ಆ ಗಾಜು ನಿನ್ನ ಮೇಲೇ ಬಿದ್ರೆ?"

ಬೆಳಿಗ್ಗೆ ನೋವಿರಲಿಲ್ಲ ಎಂದು ಸಂಜೆ ನೋವಿನಲ್ಲಿ ಮಲಗಿಕೊಂಡು ಹೇಳಿದರೆ ನಂಬುವವರು ಯಾರು? ಅವಳಿಗೇ ಅನುಮಾನ ಶುರುವಾಗಿತ್ತು. ಮೈ ಹೇಳುವ ಮೊದಲೇ ಕೈ ನೋವನ್ನು ತಿಳಿದುಕೊಂಡಿತ್ತೇನೋ, ತನಗೇ ಗೊತ್ತಾಗದೆ ನಡುಗಿರಬಹುದು ಎಂದುಕೊಂಡಳು.

ಗುರುವಾರ ಆ ಅನುಮಾನಕ್ಕೆ ಬಲ ಬಂತು. ಭಾವ, ಭಾವಮೈದುನ ಇಬ್ಬರೂ ಅಂಗಡಿಯೊಳಗೆ ಒಂದು ಹಳೆಯ ಶೀಟನ್ನು ಹಿಡಿದು ಈ ಗೋಡೆಯಿಂದ ಆ ಗೋಡೆಗೆ ನಡೆದು ನೋಡಿದರು. ಮುಂದೆ ತಮ್ಮ, ಹಿಂದೆ ಗಂಡ. ಅವಳು ಮೇಜಿನ ಹತ್ತಿರ ನಿಂತು ಗಾಜನ್ನೇ ನೋಡುತ್ತಿದ್ದಳು. ಚಾವಣಿಯ ಟ್ಯೂಬ್‌ಲೈಟು ಗಾಜಿನಲ್ಲಿ ಉದ್ದನೆಯ ಬಿಳಿ ಗೆರೆಯಾಗಿ ಮೂಡಿತ್ತು. ತಮ್ಮನಿಗೆ ಹೆಜ್ಜೆ ಗೊತ್ತಿರಲಿಲ್ಲ, ತಿರುಗುವಾಗ ಒಮ್ಮೆ ಗೋಡೆಗೆ ತಾಗಿಸುವುದರಲ್ಲಿದ್ದ. ಆದರೂ ಗೆರೆ ಎಳೆದ ದಾರದ ಹಾಗೆ ನಿಂತಿತ್ತು.

ಅವಳು ಒಳಗೆ ಹೋಗಿ ತೊಳೆದಿಟ್ಟಿದ್ದ ಲೋಟಗಳನ್ನೇ ಇನ್ನೊಮ್ಮೆ ತೊಳೆದಳು. ಕಣ್ಣಾರೆ ಕಂಡದ್ದನ್ನು ಅಲ್ಲಗಳೆಯುವ ಹಟ ಅವಳದಲ್ಲ. ತಮ್ಮ ಹಿಡಿದರೆ ನಡುಗುವುದಿಲ್ಲ, ತಾನು ಹಿಡಿದರೆ ನಡುಗುತ್ತದೆ. ಗಂಡ ಹೇಳಿದ್ದೇ ಸರಿ ಇರಬೇಕು. ಮಧ್ಯಾಹ್ನ ಊಟ ಮಾಡುವಾಗ, ಶನಿವಾರ ನೀವಿಬ್ಬರೇ ಹೋಗಿ ಬನ್ನಿ ಎಂದಳು. ಅವನು ಅವಳ ತಟ್ಟೆಗೆ ಇನ್ನಷ್ಟು ಬಡಿಸಿದ. ಅವಳ ಮುಖ ನೋಡಿದ ಮೇಲೆ ಅವನಿಗೂ ಊಟ ಸೇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವಳೇ ಹೊಸ ಶೀಟನ್ನು ಕೊಯ್ದಳು. ಕಟ್ಟರ್ ಎಳೆದ ಗೀರು ಒಂದೇ ಉಸಿರಿನಲ್ಲಿ ತುದಿ ಮುಟ್ಟಿತು, ಅಂಚು ಚೊಕ್ಕಟವಾಗಿ ಬಿಟ್ಟುಕೊಂಡಿತು. ಅಷ್ಟರಲ್ಲಿ ಗಾಜಿನ ಲಾರಿ ಬೀದಿಯ ತಿರುವಿಗೆ ಬಂದಿದೆ ಎಂದು ಫೋನು ಬಂತು. ಬರುವ ಸರಕನ್ನು ಇಳಿಸಲು ಮೇಜು ಖಾಲಿಯಾಗಬೇಕು, ಅದಕ್ಕೆ ಈ ಶೀಟು ಗೋಡೆಯ ಪಕ್ಕದ ಸ್ಟ್ಯಾಂಡಿಗೆ ಹೋಗಬೇಕು. ವ್ಯಾನು ಓಡಿಸುತ್ತ ತಮ್ಮ ಎಲ್ಲೋ ದೂರ ಇದ್ದ. ಗಂಡ ಬಾಗಿಲಿಗೆ ಬಂದು ಬೀದಿಯ ಆ ಕಡೆ ಈ ಕಡೆ ನೋಡಿದ. ಕ್ಷೌರದಂಗಡಿಯವನ ಕೈಯಲ್ಲಿ ಒಬ್ಬನ ಗಡ್ಡ ಅರ್ಧ ಇತ್ತು. ಬೇರೆ ಯಾರೂ ಕಾಣಲಿಲ್ಲ.

ಇಲ್ಲಿಂದ ಅಲ್ಲಿಗೆ ತಾನೆ, ಹಿಡೀರಿ ಎಂದಳು ಅವಳು. ಅವನು ಅರೆಮನಸ್ಸಿನಿಂದ ಹಿಡಿದ.

ಅವಳು ಮುಂದೆ, ಅವನು ಹಿಂದೆ. ಸ್ಟ್ಯಾಂಡು ಎಂದರೆ ಕಂಬಳಿ ಬಟ್ಟೆ ಸುತ್ತಿದ ಮರದ ಉದ್ದನೆಯ ಚೌಕಟ್ಟು. ಮುಂದಿನವರು ತಮ್ಮ ತುದಿಯನ್ನು ಮೊದಲು ಅದರ ಮೇಲೆ ಕೂರಿಸಬೇಕು. ಹಿಂದಿನವರು ಆಮೇಲೆ ತಮ್ಮ ತುದಿಯನ್ನು ತಿರುಗಿಸಿ ತಂದು ಸೇರಿಸಬೇಕು. ಅವಳು ತನ್ನ ತುದಿಯನ್ನು ಕೂರಿಸಿದಳು. ಗಾಜು ಮರಕ್ಕೆ ಒರಗಿ ಭದ್ರವಾಗಿ ನಿಂತಿತು. ಬಲಗೈಯ ಕೈಗವಸು ಜಾರಿತ್ತು. ಎರಡೂ ಕೈ ಬಿಟ್ಟು, ಕೈಗವಸಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಎಳೆದುಕೊಳ್ಳತೊಡಗಿದಳು. ಹಿಂದೆ ಇದ್ದವನಿಗೆ ಅವಳ ಬೆನ್ನು ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ.

"ಇಳಿಸು," ಎಂದ ಅವನು. "ನೋವು ಬಂತು ನಿಂಗೆ. ಇಳಿಸಿಬಿಡು."

"ಆಗ್ಲೇ ಇಳಿಸಾಯ್ತಲ್ಲ."

"ಎಲ್ಲಿ ಇಳಿಸಿದ್ದೀಯ, ನಡುಗ್ತಿದೆ ನೋಡು."

ಅವಳು ಹಾಗೇ ತಿರುಗಿದಳು. ಕೈಗವಸು ಬಾಯಲ್ಲಿತ್ತು, ಎರಡೂ ಕೈ ಎದೆಯ ಮಟ್ಟಕ್ಕೆ ಎತ್ತಿದ್ದವು. ಅವನು ಅವಳ ಕೈ ನೋಡಿದ. ಅವಳು ಗಾಜು ನೋಡಿದಳು. ಟ್ಯೂಬ್‌ಲೈಟಿನ ಬಿಳಿ ಗೆರೆ ಗಾಜಿನ ಉದ್ದಕ್ಕೂ ಸಣ್ಣಗೆ ನಡುಗುತ್ತಿತ್ತು. ಅವಳು ನಡುಗುವ ಗೆರೆಯನ್ನು ನೋಡುತ್ತಿದ್ದಾಳೆ ಎಂದು ಅವನಿಗೆ ತಿಳಿದ ಮೇಲೆ ಇನ್ನೂ ಹೆಚ್ಚು ನಡುಗಿತು.

ಅವನು ತನ್ನ ತುದಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಕೈ ತೆಗೆದ. ಗೆರೆ ನಿಂತಿತು.

ಅವಳು ಕೈಗವಸನ್ನು ಬಾಯಿಂದ ತೆಗೆದಳು. ಅವನು ತನ್ನ ಎರಡೂ ಅಂಗೈಗಳನ್ನು ಬಿಡಿಸಿ, ಯಾರದೋ ಕೈ ನೋಡುವವನ ಹಾಗೆ ನೋಡಿದ. ಆಮೇಲೆ, ನಿನ್ನೆ ನಿನ್ನ ತಮ್ಮನ ಜೊತೆ ಹಿಡಿದಾಗ ಹೀಗಾಗಲಿಲ್ಲವಲ್ಲ ಎಂದ.

"ಅವನ ಜೊತೆ ಹಿಡಿದಾಗ ಏನು ನೋಡ್ತೀರಿ?"

"ಗಾಜು."

"ನನ್ನ ಜೊತೆ?"

ಅವನು ಯೋಚಿಸಿ, ನಿಜವನ್ನೇ ಹೇಳಿದ. "ನಿನ್ನ ಸೊಂಟ."

"ಮದುವೆಯಾಗಿ ಹದಿನೇಳು ವರ್ಷ ಆಯ್ತು. ಇನ್ನೂ ಸೊಂಟ ನೋಡೋದಾ?"

ನಗು ಅವನಿಗೇ ಮೊದಲು ಬಂತು, ತಡೆಯಲು ಹೋಗಿ ಕೆಮ್ಮಿದ. ಲಾರಿ ಅಂಗಡಿಯ ಮುಂದೆ ಬಂದು ನಿಂತು ಹಾರ್ನ್ ಹೊಡೆಯಿತು. ಅವನು ಬಾಗಿಲಿಗೆ ಹೋಗಿ, ಒಂದು ನಿಮಿಷ ನಿಲ್ಲಪ್ಪ ಎಂದು ಹೇಳಿ ತಿರುಗಿ ಬಂದ. ಬರುವಷ್ಟರಲ್ಲಿ ನಗು ಮಾಯವಾಗಿತ್ತು. ಹಾಗಾದರೆ ಮೊನ್ನೆ ಗಾಜು ಒಡೆದದ್ದು ನಾನು ಎಂದ. ಎಲ್ಲರ ಎದುರಿಗೆ ನೀನು ಕುರ್ಚಿಯಲ್ಲಿ ಕೂರುವ ಹಾಗೆ ಮಾಡಿದ್ದೂ ನಾನೇ ಎಂದ. ಅವಳು ಅದನ್ನು ಪೂರ್ತಿ ಒಪ್ಪಲಿಲ್ಲ. ಕೂತವಳು ತಾನು, ಏಳಬಹುದಿತ್ತು, ಏಳಲಿಲ್ಲ. ಬೆಳಿಗ್ಗೆ ತನಗೆ ನೋವಿರಲಿಲ್ಲ, ಅದನ್ನು ಹೇಳಲೂ ಇಲ್ಲ ಎಂದಳು.

"ಹೇಳಬಹುದಿತ್ತಲ್ಲ."

"ಹೇಗೆ ಹೇಳಲಿ? ಎಕ್ಸ್‌ರೇ ಫಿಲ್ಮಲ್ಲಿ ಏನೂ ಇಲ್ಲ ಅಂತ ಎಲ್ಲರೂ ಅಂದಾಗ ನೀವೊಬ್ರೇ ನೋವಿದೆ ಅಂದ್ರಿ. ಅಂಥವರ ಹತ್ರ ಹೋಗಿ ಈಗ ಇಲ್ಲ ಅನ್ನೋದು ಹೇಗೆ?"

"ಇದೆ ಅಂದಾಗ ನಂಬಿದವನು," ಎಂದ ಅವನು, "ಇಲ್ಲ ಅಂದ್ರೆ ನಂಬಲ್ವಾ?"

ಅವಳಿಗೆ ಈ ಆರು ವರ್ಷದಲ್ಲಿ ಇದು ಹೊಳೆದೇ ಇರಲಿಲ್ಲ. ಅವನು ನಂಬಿದ್ದು ನೋವನ್ನು ಎಂದು ಅವಳು ತಿಳಿದಿದ್ದಳು. ನೋವು ಕಡಿಮೆಯಾದರೆ ಆ ನಂಬಿಕೆಗೆ ಎಲ್ಲಿ ಮೋಸ ಮಾಡಿದಂತಾಗುತ್ತದೋ ಎಂಬ ಅಳುಕು ಒಳಗೆ ಇತ್ತು. ಅವನು ನಂಬಿದ್ದು ತನ್ನನ್ನು ಎಂದು ಈಗ ತಿಳಿಯಿತು.

ಅವರ ಮನೆಯಲ್ಲಿ ಯಾರೂ ಯಾರಿಗೂ ಉಪಕಾರವಾಯಿತು ಎಂದು ಹೇಳುವ ರೂಢಿ ಇಲ್ಲ. ಅವಳೂ ಹಾಗೆ ಹೇಳಲಿಲ್ಲ. ಸ್ಕ್ಯಾನಿಂಗ್ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದ ದಿನವನ್ನು ನೆನಪಿಸಿದಳು. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅಂದು ಅವಳು ಅಳುತ್ತಿದ್ದಳು, ಎಲ್ಲರೂ ಹೇಳುವ ಹಾಗೆ ತನಗೆ ತಲೆಯೇ ಕೆಟ್ಟಿದೆಯೋ ಏನೋ ಎಂದು. ಆಗ ಅವನು ಒಂದು ಮಾತು ಹೇಳಿದ್ದ. ಗಾಜು ಒಡೆಯುವ ಮೊದಲು ಅದರೊಳಗಿನ ಬಿಗಿ ಯಾವ ಕಣ್ಣಿಗೆ ಕಾಣುತ್ತದೆ, ಕೊಯ್ಯುವ ಕೈಗೆ ಮಾತ್ರ ಗೊತ್ತು. ನಿನ್ನ ಕಾಲಿನ ಸುದ್ದಿ ನಿನಗೆ ಗೊತ್ತು, ಆ ಯಂತ್ರಕ್ಕಲ್ಲ.

ಅವನಿಗೆ ನೆನಪಿರಲಿಲ್ಲ. "ಹಾಗಂದಿದ್ನಾ ನಾನು?"

"ಅಂದಿದ್ರಿ. ಆ ಒಂದು ಮಾತಿನ ಮೇಲೆ ಇಷ್ಟು ವರ್ಷ ನಿಂತಿದ್ದೀನಿ. ಊರುಗೋಲು ಬೇಕಾಗಿಲ್ಲ ನಂಗೆ."

ಅವನು ಮುಖ ಒರೆಸಿಕೊಳ್ಳಲು ಹೋಗಿ ಕೈಗವಸಿನ ಗಾಜಿನ ಪುಡಿ ನೆನಪಾಗಿ ನಿಲ್ಲಿಸಿದ. ಅವಳೇ ತನ್ನ ಸೆರಗಿನಿಂದ ಒರೆಸಿದಳು. ಲಾರಿಯವನು ಎರಡನೇ ಸಲ ಹಾರ್ನ್ ಹೊಡೆದ.

ಸರಕು ಇಳಿಸುವ ಉದ್ದಕ್ಕೂ ಅವನ ತಲೆಯಲ್ಲಿ ಇದೇ ಇತ್ತು. ಕಾರಣ ಗೊತ್ತಾದ ಮಾತ್ರಕ್ಕೆ ಕೈ ನಡುಗುವುದು ನಿಲ್ಲುವುದಿಲ್ಲ ಎಂದು ಅವನಿಗೆ ತಿಳಿದಿತ್ತು. ನಾಳೆಯೂ ಅವನ ಕಣ್ಣು ಸೊಂಟಕ್ಕೇ ಹೋಗುತ್ತದೆ, ಕಣ್ಣಿನ ಹಿಂದೆ ಕೈಯೂ ಹೋಗುತ್ತದೆ. ತಮ್ಮನೇ ಹಿಡಿಯಲಿ, ತಪ್ಪು ನನ್ನದೇ ಆದರೂ ಗಾಜಿಗೆ ಅದು ಗೊತ್ತಾಗುವುದಿಲ್ಲವಲ್ಲ ಎಂದು ಕೊನೆಗೆ ಹೇಳಿದ. ಅವಳು ಲಾರಿಯವನ ರಸೀದಿಗೆ ಸಹಿ ಹಾಕುತ್ತಿದ್ದಳು. ತಲೆ ಎತ್ತದೆಯೇ, ನೀವು ಮುಂದೆ ಹಿಡಿಯಿರಿ, ನಾನು ಹಿಂದೆ ಹಿಡಿಯುತ್ತೇನೆ ಎಂದಳು.

"ಮುಂದೆ ಹೋದ್ರೆ ನೀನು ಕಾಣೋದೇ ಇಲ್ಲ."

"ಅದಕ್ಕೇ ಹೇಳಿದ್ದು."

ಹಿಂದೆ ಇದ್ದರೆ 'ಇಳಿಸು' ಎನ್ನುವುದೂ ಅವಳ ಕೆಲಸವಾಗುತ್ತದೆ. ಅವಳು ಹೇಳುವವರೆಗೆ ಅವನು ಇಳಿಸುವ ಹಾಗಿಲ್ಲ, ಹೇಳಿದರೆ ಇಳಿಸದೆ ಇರುವ ಹಾಗಿಲ್ಲ. ಏಣಿಯಿಂದ ಬೀಳುವ ಮೊದಲು ಅವಳ ಜಾಗ ಹಿಂದೆಯೇ ಇತ್ತು. ಬಿದ್ದ ಮೇಲೆ ಅವಳ ಮೇಲೆ ಕಣ್ಣಿಡಲು ಅನುಕೂಲ ಎಂದು ಅವನು ಹಿಂದಕ್ಕೆ ಬಂದಿದ್ದ. ಆ ಬದಲಾವಣೆಯ ಬಗ್ಗೆ ಅಂದೂ ಯಾರೂ ಮಾತಾಡಿರಲಿಲ್ಲ.

ಲಾರಿ ಹೋದ ಮೇಲೆ ಅಂಗಡಿಯ ಬಾಗಿಲು ಅರ್ಧ ಎಳೆದು ಇಬ್ಬರೂ ಹಳೆಯ ಶೀಟನ್ನು ಹಿಡಿದು ಅಭ್ಯಾಸ ಮಾಡಿದರು. ಮೊದಲ ಸಲ ಅವನು ಮೂರು ಬಾರಿ ಕತ್ತು ತಿರುಗಿಸಿದ, ಮೂರು ಬಾರಿಯೂ ಗೆರೆ ಅಲುಗಿತು. ಮುಂದೆ ನೋಡ್ರಿ, ಹಿಂದೆ ಏನೂ ಕಳೆದುಹೋಗಿಲ್ಲ ಎಂದಳು. ಎರಡನೆಯ ಸಲ ಒಮ್ಮೆ ತಿರುಗಿಸಿದ. ಆಮೇಲೆ ಒಂದು ಸುತ್ತು ಪೂರ್ತಿ ನಡೆದ. ಗೆರೆ ನಿಂತಿದೆಯೇ ಎಂದು ಕೇಳಿದ. ನಿಂತಿದೆ ಎಂದಳು. ಅವನಿಗೆ ಕಾಣುತ್ತಿರಲಿಲ್ಲ, ನಂಬಿದ.

ಸಂಜೆ ಬಂದ ತಮ್ಮನಿಗೆ ನಡೆದದ್ದನ್ನೆಲ್ಲ ಭಾವನೇ ಹೇಳಿದ, ಏನನ್ನೂ ಮುಚ್ಚಿಡಲಿಲ್ಲ. ತಮ್ಮ ನಕ್ಕು, "ದಿಂಬು ಭಾವ, ನನ್ನ ನೌಕರಿ ವಾರ ತುಂಬೋ ಮೊದಲೇ ಹೋಯ್ತಲ್ಲ," ಎಂದ. ಆಮೇಲೆ ಸ್ಟ್ಯಾಂಡಿನ ಮೇಲಿದ್ದ ಶೀಟನ್ನು ಬೆರಳಿನಿಂದ ತಟ್ಟಿ ನೋಡಿದ. ಅವನು ಹೋಗುವಾಗ ಅಕ್ಕ ಬಾಗಿಲವರೆಗೆ ಬಂದಳು. ಅಂದು ಮನಸ್ಸು ಗಟ್ಟಿ ಮಾಡ್ಕೊ ಎಂದದ್ದು ತಪ್ಪಾಯಿತು, ಭಾವನಂಥವರೇ ಇಷ್ಟು ಹೆದರಬೇಕಾದರೆ ಆ ನೋವು ಸುಳ್ಳಾಗಿರಲಿಕ್ಕಿಲ್ಲ ಎಂದ. ತರ್ಕ ಅಷ್ಟು ಸರಿಯಾಗಿರಲಿಲ್ಲ. ಅವಳು ಅದನ್ನು ತಿದ್ದಲು ಹೋಗಲಿಲ್ಲ. ಬಂದದ್ದನ್ನು ಸಂತೋಷವಾಗಿಯೇ ಇಟ್ಟುಕೊಂಡಳು.

ಶನಿವಾರ ಒಂಬತ್ತಕ್ಕೆ ಅವರು ಶೀಟು ಹಿಡಿದು ಬೀದಿಗೆ ಇಳಿದರು. ಅವನು ಮುಂದೆ, ಅವಳು ಹಿಂದೆ. ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಗೆ ಬಂದು ನೋಡಿದ. ಅಂಚುಕಲ್ಲಿನ ಹತ್ತಿರ ಗಂಡನ ಹೆಜ್ಜೆ ತಡವರಿಸಿತು, ಎದುರು ಚಾವಣಿಯ ಗೆರೆ ಗಾಜಿನಲ್ಲಿ ಕದಲಿತು. ಅವಳು ನಿಲ್ಲಿ ಎಂದಳು. ನಿಂತ. ಅವನ ಉಸಿರು ಸಮವಾಗಿ ಗೆರೆ ನಿಲ್ಲುವವರೆಗೆ ಕಾದು, ಹತ್ತಿ ಎಂದಳು. ಅವನು ಹತ್ತಿದ, ಹಿಂದೆ ಅವಳು ಹತ್ತಿದಳು.

ಔಷಧಿ ಅಂಗಡಿಯ ಯಜಮಾನ, ಗಾಜಕ್ಕನ ತಮ್ಮ ಎಲ್ಲಿ ಎಂದು ಕೇಳಿದ. ಗಂಡ ಉತ್ತರಿಸಲು ಬಾಯಿ ತೆರೆದು, ಹೆಂಡತಿಯ ಕಡೆ ನೋಡಿ ಮುಚ್ಚಿದ. ತಮ್ಮನಿಗೆ ಅವನದೇ ಕೆಲಸ ಇದೆ, ಇದು ನನ್ನದು ಎಂದು ಅವಳು ಹೇಳಿದಳು. ಮೊನ್ನೆ ಗಾಜು ಒಡೆದದ್ದು ಇವಳಿಂದಲ್ಲ, ನನ್ನಿಂದ ಎಂದು ಗಂಡ ಸೇರಿಸಿದ. ಇಬ್ಬರೂ ಸೇರಿ ಶೀಟನ್ನು ಚೌಕಟ್ಟಿಗೆ ಕೂರಿಸಿದರು. ಅಂಗಡಿಯೊಳಗಿನ ಕಪಾಟುಗಳ ಮೇಲೆ ಬೆಳಕು ಬಿತ್ತು. ಯಜಮಾನ ಏನೋ ಹೇಳುತ್ತಿದ್ದವನು ನಿಲ್ಲಿಸಿ ಹೊರಗೆ ನೋಡಿದ. ಅವಳು ಅವನ ಮುಖ ನೋಡುತ್ತ ನಿಂತಿದ್ದಳು.

ಗಾಜನ್ನು ಹಿಡಿದಿಡಲು ಸುತ್ತಲೂ ಮರದ ಪಟ್ಟಿ ಬಡಿಯುವ ಕೆಲಸ ಉಳಿದಿತ್ತು. ಎರಡು ಬದಿ ಮುಗಿದಾಗ ಅವಳು ಸುತ್ತಿಗೆ ಕೆಳಗಿಟ್ಟು, ನೋವು ಬಂತು, ಸ್ವಲ್ಪ ಮಲಗುತ್ತೇನೆ ಎಂದಳು. ಔಷಧಿ ಅಂಗಡಿಯ ಒಳಗಿದ್ದ ಬೆಂಚಿನ ಮೇಲೆ ಹೋಗಿ ಮಲಗಿದಳು. ಅವನು ಹೂಂ ಎಂದು, ಉಳಿದ ಎರಡು ಬದಿಗೆ ಪಟ್ಟಿ ಬಡಿದು ಮುಗಿಸಿದ.